ಏಳನೆಯ ಕಲ್ಲಿನ ನುಣುಪು

ಹತ್ತು ನಿಂತಿದ್ದವು, ಒಂದು ಮಲಗಿತ್ತು.
ಗ್ಯಾಂಬಿಯಾ ನದಿಯಿಂದ ಅರ್ಧ ದಿನದ ನಡಿಗೆ,
ಸಾರೆ ದೆಂಬಾ ಊರಾಚೆ, ಶೇಂಗಾ ಹೊಲದ ನಡುವೆ
ಮುರಕಲ್ಲಿನ ಬಳೆ,
ಯಾವ ಕೈಯಿಂದ ಜಾರಿದ್ದೋ.

ಟೇಪಿನ ತುದಿ ಹಿಡಿಯುವುದು ನನ್ನ ಕೆಲಸ.
ಇನ್ನೊಂದು ತುದಿ ಅರ್ಫಾಂಗ್ ಸಾನ್ಯಾಂಗರದು.
ಬಾಂಜುಲಿನಿಂದ ಬಂದವರು,
ಕನ್ನಡಕದ ಕಾಲಿಗೆ ದಾರ ಕಟ್ಟಿಕೊಂಡವರು,
ಕಲ್ಲಿಗೂ ಸಲಾಂ ಹೇಳಿ ಅಳೆಯುವವರು.
ಅವರು ಹೇಳಿದರು, ನಾನು ಬರೆದೆ:
ಕಲ್ಲು ಏಳು. ಬಿದ್ದದ್ದು. ಉದ್ದ ಎರಡೂವರೆ ಮೀಟರು.
ಬೆನ್ನ ಮೇಲೆ ಹದಿಮೂರು ಗೀರು,
ತಟ್ಟೆಯಗಲ ಮೂರು ಜಾಗ
ಬಳಸಿದ ಸೋಪಿನಂಥ ನುಣುಪು.
ಬಹುಶಃ ಆಚರಣೆಯ ಸವೆತ.

ಒಗೆದ ಬಟ್ಟೆಯ ಬೋಗುಣಿ ಹೊತ್ತು
ಪೆಂದಾ ಬಾಲ್ದೆ ಅಲ್ಲೇ ನಿಂತಿದ್ದಳು.
ವಯಸ್ಸು ಕೇಳಿದರೆ
‘ದೊಡ್ಡ ಮಿಡತೆಯ ವರ್ಷದವಳು’ ಅನ್ನುವವಳು.
ಏನು ಬರೆದೆ, ಓದು, ಅಂದಳು.
ಓದಿದೆ.
ಬೋಗುಣಿ ಇಳಿಸಿದಳು, ಹೊತ್ತುಕೊಂಡು ನಗಲಾಗದೆ.

‘ಮೂರು ನುಣುಪೂ ಮೂರು ಕುಂಡೆ, ಮಗಾ.
ಬಾವಿ ಕಡೆಯದು ನಮ್ಮತ್ತೆಯ ಅತ್ತೆಯದು, ಅಗಲ ನೋಡು.
ನಡುವಿನದು ಅತ್ತೆಯದು.
ಈ ತುದಿಯದು ನನ್ನದು, ಇನ್ನೂ ಪೂರ್ತಿ ಆಗಿಲ್ಲ.
ಗೀರು ಗುದ್ದಲಿ ಮಸೆದವು.
ಹದಿಮೂರನೆಯದು ಮಾತ್ರ
ನನ್ನ ಮೇಲಿನ ಸಿಟ್ಟಿಗೆ ಗಂಡ ಕತ್ತಿ ಎಳೆದದ್ದು.
ಒಳ್ಳೆಯವನು. ಕಲ್ಲಿನ ಮೇಲೆ ಎಳೆದ.’

ಅರ್ಫಾಂಗ್ ಕನ್ನಡಕ ತೆಗೆದು
ಒರೆಸುತ್ತಲೇ ಇದ್ದರು.
ನಮೂನೆಯಲ್ಲಿ ಇದ್ದದ್ದು ಮೂರೇ ಮನೆ:
ಆಚರಣೆ, ಪ್ರಕೃತಿ, ಹಾನಿ.
ಮೂರು ಹೆಂಗಸರನ್ನು ‘ಹಾನಿ’ಯ ಕೆಳಗೆ ಕೂರಿಸಲು
ನನಗೆ ಕೈ ಬರಲಿಲ್ಲ.

ಮೂರು ಮರದ ಕಾಲು ನೆಟ್ಟು ಸರಪಳಿ ಇಳಿಬಿಟ್ಟೆವು.
ಕಲ್ಲಿಗೆ ಹಳೆಯ ಗೋಣಿ ಹೊದಿಸಿದೆವು,
ಹಗ್ಗ ಒತ್ತದಿರಲಿ ಎಂದು,
ಕಾಯಿಲೆಯವರನ್ನು ಎತ್ತುವ ಹಾಗೆ.
ಯೋರೋ ಎಣಿಸಿದ, ಹುಡುಗರು ಎಳೆದರು,
ನೆಲ ಒಂದು ಸಲ ಚಪ್ಪರಿಸಿ ಬಿಟ್ಟುಕೊಟ್ಟಿತು.
ಕೆಳಗೆ ಬಿಳಿ ಬೇರು, ಎರಡು ಚೇಳು,
ಸೋಡಾ ಬಾಟಲಿಯ ಮುಚ್ಚಳ,
ಹಸಿರುಗಟ್ಟಿದ ತಾಮ್ರದ ಓಲೆ.

ಪೆಂದಾ ಬಗ್ಗಿ ನೋಡಿದಳು.
ಮುಟ್ಟಲಿಲ್ಲ.
‘ಮೂವತ್ತು ವರ್ಷ ನನ್ನನ್ನು ಕಳ್ಳಿ ಅಂದಳು,’ ಅಂದಳು,
‘ಇದರ ಮೇಲೇ ಕೂತುಕೊಂಡು.’

ವಸ್ತು ನಾಲ್ಕು: ಓಲೆ, ಒಂಟಿ, ತಾಮ್ರ.
ಪ್ಲಾಸ್ಟಿಕ್ ಚೀಲಕ್ಕೆ ಚೀಟಿ ಅಂಟಿಸಿದೆ.
ಕೊಡಬಹುದಿತ್ತೇ?
ಅರ್ಫಾಂಗರ ಮುಖ ನೋಡಿದೆ,
ಅವರು ನದಿಯ ದಿಕ್ಕು ನೋಡುತ್ತಿದ್ದರು.

ಸಂಜೆಗೆ ಏಳನೆಯದು ನಿಂತಿತು,
ತನ್ನ ಹಳೆಯ ಕುಳಿಯಲ್ಲಿ, ಮೊಣಕಾಲವರೆಗೆ ಮಣ್ಣು,
ಹತ್ತರ ನಡುವೆ ಹೊಸ ಸೊಸೆಯ ಹಾಗೆ.
ಅತ್ತೆಯ ಅತ್ತೆ ಈಗ ನಮ್ಮ ತಲೆಗಿಂತ ಮೇಲೆ,
ಕೈ ಚಾಚಿದರೂ ಸಿಗದ ಎತ್ತರದಲ್ಲಿ
ಇಳಿಬಿಸಿಲು ಮಾತ್ರ ಕೂರಬಲ್ಲ ಜಾಗ.

ಮರುವಾರ ಸುತ್ತ ಹಗ್ಗ ಬಂತು, ಬಿಳಿ ಗೂಟ ಬಂತು,
‘ಪಾರಂಪರಿಕ ತಾಣ, ಮುಟ್ಟಬೇಡಿ’ ಎಂಬ ಹಲಗೆ ಬಂತು.
ಬೇಲಿಯಾಚೆ ಯೋರೋ ಒಂದು ಸಿಮೆಂಟು ಬೆಂಚು ಹಾಕಿಕೊಟ್ಟ.
ಪೆಂದಾ ಕೂತಳು, ಎದ್ದಳು,
ಸೆರಗು ಮಡಿಸಿ ಹಾಸಿ ಮತ್ತೆ ಕೂತಳು.
‘ಬಿಸಿ,’ ಅಂದಳು. ‘ಒರಟು.
ಇನ್ನೂ ಕೂಸು ಇದು.
ಇದಕ್ಕೆ ಎಷ್ಟು ಅತ್ತೆಯರು ಬೇಕೋ.’

ಕೊನೆಯ ದಿನ ಸಾಮಾನು ಕಟ್ಟುವಾಗ
ಹಗ್ಗ ನುಸುಳಿ ಒಂದು ಮೇಕೆ ಬಂತು,
ಏಳನೆಯ ಕಲ್ಲನ್ನೇ ಆರಿಸಿಕೊಂಡಿತು,
ಕಣ್ಣು ಮುಚ್ಚಿ
ಪಕ್ಕೆ ಉಜ್ಜತೊಡಗಿತು,
ನೆಲದಿಂದ ಎರಡು ಗೇಣು ಮೇಲೆ.

ಓಡಿಸುವುದೂ ನನ್ನದೇ ಕೆಲಸ.
ಟೇಪು ಸುತ್ತುತ್ತಾ
ಸ್ವಲ್ಪ ನಿಧಾನ ಮಾಡಿದೆ.